ಮೂರನೇ ಗೇರಿನ ತಿರುವು

ತೊರ್ರೆ ಮಾಯ್ನಾ, ೧೪ ಸೆಪ್ಟೆಂಬರ್ ೧೯೮೭

ಮಾನ್ಯ ಎರ್ಮೆಸ್ ಜಿಬೆಲ್ಲೀನಿ ಅವರಿಗೆ,

ನಾನು ಜೆಲಿಂದಾ ಕವಾನಿ. ಗಂಜೆರ್ಲಿ ಕಾರು ಕಾರ್ಖಾನೆಗೆ ಸೀಟು ಹೊಲಿದುಕೊಡುತ್ತಿದ್ದವಳು. ನಿಮಗೆ ನೆನಪಿದೆಯೋ ಇಲ್ಲವೋ. ವಿಳಾಸ ಕೊಟ್ಟವರು ನಿಮ್ಮ ಅತ್ತಿಗೆ.

ಕಾರ್ಖಾನೆಯ ಯಜಮಾನರು ತೀರಿಕೊಂಡು ಅದಕ್ಕೆ ಬೀಗ ಬಿದ್ದ ಮೇಲೆ ಆ ಶೆಡ್ಡಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಈಗ ಪುರಸಭೆಯವರು ಅವನ್ನೆಲ್ಲ ಓಡಿಸಿ, ಗೋಡೆಗೆ ಸುಣ್ಣ ಬಳಿದು, ನಮ್ಮ ಕಾರುಗಳ ಸಂಗ್ರಹಾಲಯ ಮಾಡುತ್ತಿದ್ದಾರೆ. ಮೇ ತಿಂಗಳ ಕೊನೆಯ ಭಾನುವಾರ ಉದ್ಘಾಟನೆ. ಪ್ರತಿ ಕಾರಿನ ಮುಂದೆ ಅದರ ಚರಿತ್ರೆ ಹೇಳುವ ಒಂದು ಫಲಕ ಬೇಕಂತೆ. ಪುರಸಭೆಯ ಮಿರೆಲ್ಲಾ ಬಂದು, "ಜೆಲಿಂದಮ್ಮ, ಆ ಕಾಲದವ್ರು ಅಂತ ಕೈಗೆ ಸಿಗೋರು ನೀವೊಬ್ರೇ, ನೀವೇ ಬರ್ಕೊಡಿ" ಎಂದು ಗಂಟುಬಿದ್ದಿದ್ದಾಳೆ.

ನನಗೆ ಗೊತ್ತಿರುವುದು ಸೀಟು ಮಾತ್ರ. ಕಪ್ಪೆ ಕಾರಿಗೆ ಕಂದು ಚರ್ಮ, ಗೂಬೆ ಕಾರಿಗೆ ಕೆಂಪು ಚರ್ಮ ಎಂದು ಬರೆದರೆ ನೋಡುವವರು ನಗುತ್ತಾರೆ. ಒಂದೊಂದು ಕಾರನ್ನೂ ಮೊದಲು ಬೆಟ್ಟಕ್ಕೆ ಹತ್ತಿಸಿ ಪರೀಕ್ಷೆ ಮಾಡಿದವರು ನೀವು. ಬಿಡುವಾದಾಗ ನಾಲ್ಕು ಸಾಲು ಬರೆದು ಕಳಿಸಿದರೆ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ,
ಜೆಲಿಂದಾ ಕವಾನಿ


ಬ್ರೆಮರ್‌ಹಾಫನ್, ೨ ಅಕ್ಟೋಬರ್ ೧೯೮೭

ಮಾನ್ಯ ಕವಾನಿ ಅವರಿಗೆ,

ಪತ್ರ ತಲುಪಿತು. ಕೇಳಿದ ವಿವರ ಇಲ್ಲಿದೆ.

ಕಪ್ಪೆ, ೧೯೫೩. ನಾಲ್ಕು ಸಿಲಿಂಡರ್. ಯಜಮಾನರು ಅಲ್ಲಿಯವರೆಗೆ ಹೊಲಕ್ಕೆ ನೀರೆತ್ತುವ ಪಂಪು ಮಾಡುತ್ತಿದ್ದರು. ಕಪ್ಪೆಯ ಹಸಿರು ಬಣ್ಣ ಪಂಪಿಗೆ ಬಳಿದು ಉಳಿದದ್ದು. ಇದನ್ನು ಫಲಕದಲ್ಲಿ ಬರೆಯುವುದು ಬಿಡುವುದು ನಿಮಗೆ ಸೇರಿದ್ದು.

ಮುಳ್ಳುಹಂದಿ, ೧೯೫೮. ಆರು ಸಿಲಿಂಡರ್, ಪಂದ್ಯಕ್ಕೆಂದೇ ಮಾಡಿದ್ದು. ಸಮಯ ಸಾಲದೆ ಮೈಮೇಲಿನ ಮೊಳೆಗಳ ತಲೆ ಉಜ್ಜದೆ ಹಾಗೇ ಬಿಟ್ಟೆವು, ಅದರಿಂದ ಆ ಹೆಸರು. "ಇರ್ಲಿ ಬಿಡ್ರೋ, ಮುಟ್ಟೋಕ್ ಬಂದೋರಿಗೆ ಚುಚ್ಲಿ" ಎಂದಿದ್ದರು ಯಜಮಾನರು.

ಗೂಬೆ, ೧೯೬೪. ಎಂಟು ಸಿಲಿಂಡರ್, ಮುಚ್ಚಿದ ಮೈ. ಹೆಚ್ಚು ಮಾರಾಟವಾದದ್ದು ಇದೇ.

ಮಿಂಚುಹುಳು, ೧೯೭೩. ಎಂಜಿನ್ ಬೆನ್ನ ಹಿಂದೆ. ಒಂದನ್ನೇ ಮಾಡಿದ್ದು. ಪೆಟ್ರೋಲ್ ಬೆಲೆ ಏರಿತು, ಕೊಳ್ಳುವವರು ಇಲ್ಲವಾದರು.

ನಾನು ಇಲ್ಲಿ ಬಂದರಿನಲ್ಲಿ ಹೊಸ ಕಾರುಗಳನ್ನು ಹಡಗಿನ ಹೊಟ್ಟೆಯೊಳಗೆ ಓಡಿಸಿ ನಿಲ್ಲಿಸುವ ಕೆಲಸದಲ್ಲಿದ್ದೇನೆ. ನಡೆಯುವವನ ವೇಗಕ್ಕಿಂತ ಹೆಚ್ಚಿಗೆ ಬಿಡುವ ಹಾಗಿಲ್ಲ.

ನೀವು ಸೀಟು ಹೊಲಿಯುತ್ತಿದ್ದದ್ದು ನೆನಪಿದೆ.

ಎ. ಜಿಬೆಲ್ಲೀನಿ


ತೊರ್ರೆ ಮಾಯ್ನಾ, ೨೦ ಅಕ್ಟೋಬರ್ ೧೯೮೭

ಎರ್ಮೆಸ್ ಅವರಿಗೆ,

ನಿಮ್ಮ ಪತ್ರ ನೋಡಿದರೆ ಜರ್ಮನ್ನರು ನಿಮ್ಮನ್ನು ಚೆನ್ನಾಗಿಯೇ ಇಸ್ತ್ರಿ ಮಾಡಿದ್ದಾರೆ. ನಾಲ್ಕು ಸಾಲು ಎಂದರೆ ಅಳೆದು ನಾಲ್ಕೇ ಸಾಲೇ?

ಈ ಹೆಸರುಗಳು ಬಂದ ಕಥೆಯನ್ನೇ ಬಿಟ್ಟಿದ್ದೀರಲ್ಲ. ನಮ್ಮ ಕಡೆಯ ದೊಡ್ಡ ಕಾರು ಕಂಪನಿಗಳ ಲಾಂಛನ ನೋಡಿ ಯಜಮಾನರು ಆಡಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: "ಕುದ್ರೆ ಒಬ್ಬ ಹಿಡ್ಕೊಂಡ, ಗೂಳಿ ಇನ್ನೊಬ್ಬ ಹಿಡ್ಕೊಂಡ. ಇನ್ ನಮ್ಗೆ ಕಾಲ್ವೆ ಬದೀಲಿ ಇರೋ ಪ್ರಾಣಿಗಳೇ ಗತಿ." ಗೂಬೆಯ ಹೆಸರು ಹೊರಬಿದ್ದ ದಿನ ಹುಡುಗರು ನನ್ನನ್ನು ಕಾಡಿದ್ದೂ ನೆನಪಿದೆ. ನಮ್ಮ ಮಾತಿನಲ್ಲಿ ಕಣ್ಣು ಹೊಡೆಯುವ ಹೆಣ್ಣಿಗೂ ಗೂಬೆ ಎನ್ನುತ್ತಾರಲ್ಲ. "ಜೆಲಿಂದಾ, ನಿನ್ ಹೆಸ್ರೇ ಇಟ್ಟವ್ರೆ ನೋಡೇ!" ಎಂದು ಒಬ್ಬ ಕೂಗಿದ. ನಾನು ಯಾರಿಗೆ ಕಣ್ಣು ಹೊಡೆದಿದ್ದೆನೋ ದೇವರೇ ಬಲ್ಲ. ನೀವು ಆ ದಿನ ಮೂಲೆಯಲ್ಲಿ ನಿಂತು ಕೈಗವಸು ಹಾಕಿಕೊಳ್ಳುತ್ತಿದ್ದಿರಿ, ನಗಲಿಲ್ಲ.

ಮಿಂಚುಹುಳುವಿನ ಸೀಟನ್ನು ನಿಮ್ಮ ಬೆನ್ನಿನ ಅಳತೆಗೇ ಹೊಲಿದದ್ದು. ಟೇಪು ಹಿಡಿದು ನಿಮ್ಮ ಭುಜ ಅಳೆಯುವಾಗ ಉಸಿರು ಬಿಗಿಹಿಡಿದು ನಿಂತಿದ್ದಿರಿ, ಅದರಿಂದ ಆ ಸೀಟು ಎದೆಯ ಬಳಿ ಸ್ವಲ್ಪ ದೊಡ್ಡದೇ ಆಯಿತು.

ಎರಡು ಮಾತು ಕೇಳುವುದಿದೆ. ಒಂದು, ನಾಲ್ಕೂ ಕಾರುಗಳ ಸದ್ದು ಹೇಗಿತ್ತು, ಬರೆಯಿರಿ. ನಿಂತ ಕಾರು ನೋಡಿ ಜನಕ್ಕೆ ಏನು ತಿಳಿದೀತು? ಇನ್ನೊಂದು, ಉದ್ಘಾಟನೆಯ ದಿನ ಮಿಂಚುಹುಳುವನ್ನು ಬೆಟ್ಟಕ್ಕೆ ಓಡಿಸಬೇಕಂತೆ. ಅದರ ಗೇರು ಬಲ್ಲವರು ನೀವೊಬ್ಬರೇ. ಬನ್ನಿ.

ಜೆಲಿಂದಾ


ಬ್ರೆಮರ್‌ಹಾಫನ್, ೧೫ ನವೆಂಬರ್ ೧೯೮೭

ಜೆಲಿಂದಾ ಅವರಿಗೆ,

ಸದ್ದು ಕೇಳಿದಿರಿ. ಕಪ್ಪೆ ತಣ್ಣಗಿದ್ದಾಗ ಕೆಮ್ಮುತ್ತಿತ್ತು, ಬಿಸಿಯಾದ ಮೇಲೆ ಹೊಲಿಗೆ ಯಂತ್ರದ ಹಾಗೆ ಒಂದೇ ಸಮ. ಮುಳ್ಳುಹಂದಿ ಕಿರುಚುತ್ತಿತ್ತು. ಅದರಿಂದ ಇಳಿದರೆ ಊಟದ ತನಕ ಯಾರು ಮಾತಾಡಿದರೂ ದೂರದಿಂದ ಮಾತಾಡಿದ ಹಾಗೆ ಅನಿಸುತ್ತಿತ್ತು. ಗೂಬೆ ತಗ್ಗಿದ ದನಿಯಲ್ಲಿ ಗೊಣಗುತ್ತ ಏರುತ್ತಿತ್ತು, ಚರ್ಚಿನಲ್ಲಿ ಹಿಂದಿನ ಸಾಲಿನ ಗಂಡಸರು ಪ್ರಾರ್ಥನೆ ಹೇಳುವ ಹಾಗೆ. ಮಿಂಚುಹುಳುವಿನ ಸದ್ದು ಬೆನ್ನಿನಿಂದ ಬರುತ್ತಿತ್ತು. ಮೊದಲು ನಿಮ್ಮ ಸೀಟಿನ ಚರ್ಮ ನಡುಗುತ್ತಿತ್ತು, ಕಿವಿಗೆ ಬೀಳುತ್ತಿದ್ದದ್ದು ಆಮೇಲೆ. ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಿದರೆ ದನಿ ಒಡೆದು ಎರಡಾಗುತ್ತಿತ್ತು. ಅಂಥದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಬರೆಯುತ್ತ ಕುಳಿತರೆ ನಿಲ್ಲಿಸಲು ಆಗುವುದಿಲ್ಲ, ಆದ್ದರಿಂದ ಇಲ್ಲಿಗೆ ಸಾಕು.

ಬರುವುದು ಕಷ್ಟ. ಮೇ ತಿಂಗಳಲ್ಲಿ ಹಡಗು ಹೆಚ್ಚು, ರಜೆ ಕೊಡುವುದಿಲ್ಲ. ಮೊಂತಾನಾರಿಯ ಮಗನಿಗೆ ಹೇಳಿ ನೋಡಿ, ಅವನೂ ಒಳ್ಳೆಯ ಡ್ರೈವರ್.

ಎರ್ಮೆಸ್ ಜಿಬೆಲ್ಲೀನಿ


ತೊರ್ರೆ ಮಾಯ್ನಾ, ೮ ಡಿಸೆಂಬರ್ ೧೯೮೭

ಎರ್ಮೆಸ್ ಅವರಿಗೆ,

ಸದ್ದಿನ ಭಾಗ ಓದಿ ಮಿರೆಲ್ಲಾ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ಸುಮ್ಮನೆ ಈರುಳ್ಳಿ ಹೆಚ್ಚುತ್ತಿದ್ದೆ ಎಂದಿಟ್ಟುಕೊಳ್ಳಿ.

ನಿಮ್ಮ ಅತ್ತಿಗೆಯಿಂದ ಫೋನ್ ನಂಬರೂ ತೆಗೆದುಕೊಂಡೆ. ಮೂರು ಭಾನುವಾರ ಮಾಡಿದೆ. ಗಂಟೆ ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಭಾನುವಾರವೂ ಹಡಗು ಬರುತ್ತದೆಯೇ? ಇರಲಿ, ಬಲವಂತವಿಲ್ಲ.

ಸದ್ದಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಮನೆ ಬೆಟ್ಟದ ರಸ್ತೆಯ ತಿರುವಿನಲ್ಲೇ ಇದೆ, ಅಡುಗೆಮನೆಯ ಕಿಟಕಿ ರಸ್ತೆಗೆ. ಅಮ್ಮ ಹಾಸಿಗೆ ಹಿಡಿದ ಮೇಲೆ ಸೀಟಿನ ಚರ್ಮವನ್ನು ಮನೆಗೇ ತರಿಸಿ ಹೊಲಿಯುತ್ತಿದ್ದೆನಲ್ಲ, ಬೆಳಗ್ಗೆಲ್ಲ ಅಲ್ಲೇ ಇರುತ್ತಿದ್ದೆ. ಹಿಟ್ಟು ಲಟ್ಟಿಸಿ, ತಾಲ್ಯತೆಲ್ಲೆ ಶಾವಿಗೆ ಕತ್ತರಿಸಿ, ಎಳೆಗಳನ್ನು ಹಲಗೆಯ ಮೇಲೆ ಹರಡಿ ಕಿಟಕಿಯ ಬಳಿ ಒಣಗಲು ಇಡುವ ಹೊತ್ತಿಗೇ ನಿಮ್ಮ ಸವಾರಿ. ಸದ್ದು ಕೆಳಗೆ ಕೇಳುತ್ತಲೇ ಅಮ್ಮ ಒಳಗಿನಿಂದ ಕೂಗುತ್ತಿದ್ದಳು: "ಬಂದ ಕಣೇ ಆ ಹುಚ್ಚ! ಮುಚ್ಚೇ ಕಿಟ್ಕಿ, ಊಟಕ್ಕೆಲ್ಲ ಮಣ್ ಬೀಳತ್ತೆ!" ನಾನು ಓಡಿಹೋಗಿ ಕಿಟಕಿಯ ಪಟ್ಟಿಬಾಗಿಲು ಎಳೆಯುತ್ತಿದ್ದೆ. ನೀವೋ, ರಸ್ತೆ ಅಷ್ಟಗಲ ಇದ್ದರೂ ಅಂಚಿನ ಜಲ್ಲಿಯ ಮೇಲೇ ಬರುತ್ತಿದ್ದಿರಿ, ಗೋಡೆ ತುಂಬ ಧೂಳು. ಅದೂ ಅಲ್ಲದೆ ಪ್ರತಿ ಸಲವೂ ಗೇರು ಇಳಿಸಿ, ಕ್ಲಚ್ ಎರಡು ಸಲ ತುಳಿದು ಡಬಲ್ ಕ್ಲಚ್ ಹೊಡೆದು, ಎಂಜಿನ್ ಒಂದು ಸಲ ಗುಡುಗಿಸಿಯೇ ಹೋಗಬೇಕು. ತಿರುವು ಅಷ್ಟು ಕಡಿದೇ? ಮಿಕ್ಕ ಡ್ರೈವರ್‌ಗಳು ಸುಮ್ಮನೆ ಹೋಗುತ್ತಿದ್ದರಪ್ಪ. ಅವರಿಗೆ ಭಯ ಕಮ್ಮಿಯೋ ಏನೋ.

ಹಬ್ಬದ ಶುಭಾಶಯಗಳು.

ಜೆಲಿಂದಾ


ತೊರ್ರೆ ಮಾಯ್ನಾ, ೩೦ ಜನವರಿ ೧೯೮೮

ಶ್ರೀ ಜಿಬೆಲ್ಲೀನಿ ಅವರಿಗೆ,

ಹೊಸ ವರ್ಷ ಬಂತು, ಹೋಯಿತು, ನಿಮ್ಮ ಕಾರ್ಡೂ ಇಲ್ಲ. ಭಯ ಎಂದು ತಮಾಷೆಗೆ ಬರೆದದ್ದು. ತಮಾಷೆಗೆ ಸಿಟ್ಟು ಬರುವಷ್ಟು ದೊಡ್ಡವರಾಗಿದ್ದರೆ ಕ್ಷಮಿಸಿ. ಫಲಕದ ಕೆಲಸ ಮುಗಿದಿದೆ, ಇನ್ನು ತೊಂದರೆ ಕೊಡುವುದಿಲ್ಲ.

ಜೆ. ಕವಾನಿ


ಬ್ರೆಮರ್‌ಹಾಫನ್, ೨೭ ಫೆಬ್ರವರಿ ೧೯೮೮

ಜೆಲಿಂದಾ,

ಸಿಟ್ಟಲ್ಲ. ಡಿಸೆಂಬರಿನ ನಿಮ್ಮ ಪತ್ರ ಓದಿ, ಕೋಟು ಹಾಕಿಕೊಂಡು ಸಮುದ್ರದ ಕಟ್ಟೆಯ ಮೇಲೆ ಹೋದೆ. ಅವತ್ತಿನಿಂದ ದಿನಾ ಹೋಗುತ್ತಿದ್ದೇನೆ. ಉತ್ತರ ಬರೆಯುತ್ತೇನೆ, ಹರಿಯುತ್ತೇನೆ.

ಆ ತಿರುವು ಕಡಿದಲ್ಲ. ಅದು ಮೂರನೇ ಗೇರಿನ ತಿರುವು. ಕಪ್ಪೆಯಿಂದ ಮಿಂಚುಹುಳುವಿನ ತನಕ ಯಾವ ಕಾರೂ ಅಲ್ಲಿ ಗೇರು ಇಳಿಸುವ ಅಗತ್ಯವಿಲ್ಲ. ಮಿಕ್ಕವರು ಸುಮ್ಮನೆ ಹೋಗುತ್ತಿದ್ದದ್ದು ಅದಕ್ಕೇ. ನಾನು ಎರಡಕ್ಕೆ ಇಳಿಸುತ್ತಿದ್ದದ್ದು ನಿಮಗಾಗಿ. ನಿಂತು ಮಾತಾಡುವ ಧೈರ್ಯವಿಲ್ಲದವನು ಇನ್ನೇನು ಮಾಡಲಿ? ಅದು ನನ್ನ ನಮಸ್ಕಾರ. ಅಂಚಿಗೆ ಬರುತ್ತಿದ್ದದ್ದು ಕಿಟಕಿಯ ಹತ್ತಿರವಾಗಲಿ ಎಂದು.

ಪ್ರತಿ ಸಲವೂ ನಾನು ಬರುತ್ತಿದ್ದಂತೆ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಒಮ್ಮೆಯಾದರೆ ಗಾಳಿ ಎನ್ನಬಹುದು. ವರ್ಷಗಟ್ಟಲೆ ಮುಚ್ಚಿದರೆ ಅದು ಉತ್ತರ ಎಂದು ತಿಳಿದೆ. ಕಾರ್ಖಾನೆ ಮುಚ್ಚುವ ವಾರ ಮಿಂಚುಹುಳುವನ್ನು ಕೊನೆಯ ಬಾರಿ ಹತ್ತಿಸಿದೆನಲ್ಲ, ಅವತ್ತು ಕಿಟಕಿ ತೆರೆದೇ ಉಳಿದರೆ ಕಾರು ನಿಲ್ಲಿಸಿ ಕೇಳಿಬಿಡುವುದು ಎಂದು ಕೆಳಗಿನಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಮುಚ್ಚಿತು. ಮುಂದಿನ ವಾರ ಜರ್ಮನಿಯ ರೈಲು ಹತ್ತಿದೆ.

ಕಿಟಕಿ ಮುಚ್ಚಿದ್ದು ತಾಲ್ಯತೆಲ್ಲೆಗಾಗಿ! ನಾನೇ ಎಬ್ಬಿಸಿದ ಧೂಳಿಗೆ!

ಎರ್ಮೆಸ್


ತೊರ್ರೆ ಮಾಯ್ನಾ, ೬ ಮಾರ್ಚ್ ೧೯೮೮

ಎರ್ಮೆಸ್,

ಇನ್ನು 'ನೀವು' ಎನ್ನಲು ನನ್ನಿಂದ ಆಗುವುದಿಲ್ಲ. ನೀನು ಪೆದ್ದ.

ನೀನು ಹುಟ್ಟಿದ್ದು ಎಲ್ಲಿ? ನಮ್ಮ ಕಡೆಯ ಕಿಟಕಿಬಾಗಿಲಿಗೆ ಪಟ್ಟಿ ಪಟ್ಟಿ ಯಾಕೆ, ಪಟ್ಟಿಯ ನಡುವೆ ಸಂದು ಯಾಕೆ? ನಿನ್ನ ತಾಯಿ, ನಿನ್ನ ಅತ್ತೆಯಂದಿರು, ಇಡೀ ಬೀದಿಯ ಹೆಂಗಸರು ಊರನ್ನು ನೋಡಿದ್ದೇ ಆ ಸಂದಿನಿಂದ. ಇಲ್ಲಿ ಹುಟ್ಟಿ ಬೆಳೆದವನು ಮುಚ್ಚಿದ ಕಿಟಕಿಯ ಹಿಂದೆ ಯಾರೂ ಇಲ್ಲ ಎಂದುಕೊಂಡೆಯಲ್ಲ!

ಧೂಳಿಗೆ ಮುಚ್ಚುತ್ತಿದ್ದೆ, ನಿಜ. ಮುಚ್ಚಿ ಅಲ್ಲೇ ನಿಲ್ಲುತ್ತಿದ್ದೆ. ನಿನ್ನ ಕಂದು ಟೋಪಿ, ಗೇರಿನ ಮೇಲಿನ ಕೈ, ಎಲ್ಲ ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು. ಅಮ್ಮ ಕೇಳುತ್ತಿದ್ದಳು, "ಹೋದ್ನೇನೇ ಅವ್ನು? ಇನ್ನೂ ಅಲ್ಲೇ ನಿಂತಿದೀಯಲ್ಲ?" ಧೂಳು ಕೂರಲಿ ಅಂತ ಅಮ್ಮ, ಎನ್ನುತ್ತಿದ್ದೆ. ಧೂಳು ಯಾವಾಗಲೋ ಕೂತಿರುತ್ತಿತ್ತು.

ನೀನು ಹೋದೆ ಎಂದು ನನಗೆ ಹೇಳಿದವನು ಚರ್ಮ ತರುತ್ತಿದ್ದ ವ್ಯಾನಿನವನು. ಅವತ್ತು ಮನೆಯಲ್ಲಿ ಉಳಿದಿದ್ದ ಸೀಟುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ. ಮದುವೆಗೆ ಕೇಳುವವರು ಬಂದಿದ್ದರು, ಇಬ್ಬರು. ಒಪ್ಪಲಿಲ್ಲ. ಕಾರಣ ಯಾರಿಗೂ ಹೇಳಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಈಗಲಾದರೂ ಬರುತ್ತೀಯೋ, ಇಲ್ಲ ಹಡಗಿನ ಕಥೆಯನ್ನೇ ಹೇಳುತ್ತೀಯೋ?

ಜೆಲಿಂದಾ


ಬ್ರೆಮರ್‌ಹಾಫನ್, ೨ ಏಪ್ರಿಲ್ ೧೯೮೮

ಜೆಲಿಂದಾ,

ಹಡಗಿನ ಕಥೆ ಸುಳ್ಳು. ಬಂದರಿನವರು ನನ್ನನ್ನು ಮನೆಗೆ ಕಳಿಸಿ ಎರಡು ವರ್ಷದ ಮೇಲಾಯಿತು. ಹಡಗಿನೊಳಗೆ ಒಬ್ಬ ನನ್ನ ಹಿಂದೆ ನಿಂತು ಕೂಗಿದ, ನಾನು ಕೇಳದೆ ಹಿಂದಕ್ಕೆ ಬಿಟ್ಟೆ. ಅವನು ಹಾರಿಕೊಂಡ, ಪೆಟ್ಟಾಗಲಿಲ್ಲ.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಬಾಯಿಟ್ಟು ಕೂಗಿದರೆ ಅರ್ಧ ತಿಳಿಯುತ್ತದೆ. ಬೆಟ್ಟ ಹತ್ತಿಸಿದ ಅಷ್ಟೂ ಎಂಜಿನ್ನುಗಳು ಕೊನೆಗೆ ತಮ್ಮ ಪಾಲು ತೆಗೆದುಕೊಂಡವು. ನಿನ್ನ ಫೋನು ಬಡಿದುಕೊಂಡಾಗ ನಾನು ಬಹುಶಃ ಅದರ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದೆ.

ಸದ್ದಿನ ಬಗ್ಗೆ ಬರೆದೆನಲ್ಲ, ನನ್ನ ಹತ್ತಿರ ಉಳಿದಿರುವುದು ಅಷ್ಟೇ. ಈ ಊರಿನ ಸೀಗಲ್ ಹಕ್ಕಿ ಬಾಯಿ ತೆರೆಯುತ್ತದೆ, ಸದ್ದಿಲ್ಲ. ಅಂಗಡಿಯವಳು ತುಟಿ ಅಲ್ಲಾಡಿಸುತ್ತಾಳೆ, ನಾನು ತಲೆ ಅಲ್ಲಾಡಿಸುತ್ತೇನೆ. ಮನೆಗೆ ಬಂದು ಕುಳಿತರೆ ಗೂಬೆ ಬೆಟ್ಟ ಏರುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಎಷ್ಟೋ ದಿನ ಅದನ್ನೇ ಕೇಳುತ್ತ ಕಳೆದಿದ್ದೇನೆ. ಒಂಟಿತನ ಎಂದರೆ ಏನೆಂದು ಯಾರಾದರೂ ಕೇಳಿದರೆ ಹೇಳಬಲ್ಲೆ, ಆದರೆ ಕೇಳಿದ್ದು ನನಗೆ ಕೇಳಿಸಬೇಕಲ್ಲ.

ಎಂಜಿನ್ ಕೇಳಿಸದವನು ಡಬಲ್ ಕ್ಲಚ್ ಹೊಡೆಯುವುದು ಹೇಗೆ? ಎಷ್ಟು ಗುಡುಗಿತು ಎಂದು ಕಿವಿ ಹೇಳಿದರೆ ತಾನೇ ಕೈ ಗೇರು ಹಾಕುವುದು? ಊರ ಜನರ ಮುಂದೆ ಗೇರು ಕಿರುಚಿಸಿ, ನೀನು ಹೊಲಿದ ಸೀಟಿನ ಮೇಲೆ ಕುಳಿತು ಮಾನ ಕಳೆದುಕೊಳ್ಳಲಾರೆ. ಮೊಂತಾನಾರಿಯ ಮಗನೇ ಓಡಿಸಲಿ.

ಎರ್ಮೆಸ್


ತೊರ್ರೆ ಮಾಯ್ನಾ, ೧೦ ಏಪ್ರಿಲ್ ೧೯೮೮

ಎರ್ಮೆಸ್,

ಮೊಂತಾನಾರಿಯ ಮಗ ಟ್ರ್ಯಾಕ್ಟರ್ ಓಡಿಸಲಿ.

ಎಂಜಿನ್ನಿನ ಸದ್ದು ಮೊದಲು ಸೀಟಿನ ಚರ್ಮಕ್ಕೆ, ಆಮೇಲೆ ಕಿವಿಗೆ ಎಂದು ಬರೆದವನು ನೀನೇ. ಆ ಚರ್ಮ ನಾನು ಹೊಲಿದದ್ದು, ಇನ್ನೂ ಗಟ್ಟಿಯಾಗಿದೆ, ಮೊನ್ನೆ ಹೋಗಿ ಎಣ್ಣೆ ಹಚ್ಚಿ ಬಂದೆ. ಬೆನ್ನಿನಿಂದ ಕೇಳು.

ಉದ್ಘಾಟನೆಗೆ ನಾನು ಹೋಗುವುದಿಲ್ಲ. ಮೇಯರ್ ಅವರ ಪಾಡಿಗೆ ರಿಬ್ಬನ್ ಕತ್ತರಿಸಲಿ. ಅವತ್ತು ನಾನು ಮನೆಯಲ್ಲಿರುತ್ತೇನೆ, ಹಿಟ್ಟು ಲಟ್ಟಿಸುತ್ತೇನೆ, ಹಲಗೆಯನ್ನು ಕಿಟಕಿಯ ಬಳಿ ಇಡುತ್ತೇನೆ, ಕಿಟಕಿ ಮುಚ್ಚುವುದಿಲ್ಲ. ನೀನು ಬರದಿದ್ದರೆ ಆ ಅಷ್ಟೂ ತಾಲ್ಯತೆಲ್ಲೆಯನ್ನು ನಾನೊಬ್ಬಳೇ ತಿನ್ನಬೇಕಾಗುತ್ತದೆ. ಒಬ್ಬಳೇ ತಿಂದು ತಿಂದು ಸಾಕಾಗಿದೆ.

ಜೆಲಿಂದಾ


ಬ್ರೆಮರ್‌ಹಾಫನ್, ೩ ಜೂನ್ ೧೯೮೮

ಜೆಲಿಂದಾ,

ಕ್ಷೇಮವಾಗಿ ತಲುಪಿದೆ. ಕೋಣೆ ಹೋಗುವಾಗ ಇದ್ದಷ್ಟೇ ಇದೆ, ಆದರೆ ಈಗ ದೊಡ್ಡದಾಗಿ ಕಾಣುತ್ತದೆ.

ಭಾನುವಾರ ಕಾರ್ಖಾನೆಯ ಗೇಟು ದಾಟಿದಾಗಿನಿಂದ ನನ್ನ ಕಣ್ಣೆಲ್ಲ ನಿನ್ನ ಕಿಟಕಿಯ ಕಡೆಗೇ. ಕೆಳಗಿನಿಂದ ಬಿಳಿ ಗೋಡೆ ಕಂಡಿತು, ನಡುವೆ ಕಪ್ಪು ಚೌಕ. ತೆರೆದಿತ್ತು. ಅಂಚಿನ ಜಲ್ಲಿಗೆ ಇಳಿದೆ, ಎರಡಕ್ಕೆ ಹಾಕಿದೆ. ನಿಲ್ಲಿಸಿದಾಗ ನೀನು ಬಗ್ಗಿ ಬಲಗಿವಿಗೆ ಕೂಗಿದೆ, "ಬೆಣ್ಣೆ ಹಾಗಿತ್ತು ಕಣೋ, ಅದೇ ಹಳೇ ಥರ!" ಎಂದು.

ಜೆಲಿಂದಾ, ಗೇರು ಕಿರುಚಿತು. ನನಗೆ ಕೇಳಲಿಲ್ಲ, ಆದರೆ ಗೇರಿನ ಕೋಲು ಅಂಗೈಗೆ ಹೇಳಿತು. ಹಲ್ಲು ಹಲ್ಲಿಗೆ ತಾಗಿದ್ದು ಮೊಣಕೈ ತನಕ ಬಂತು. ಕೆಳಗಿನ ಊರಿಗೂ ಕೇಳಿರಬೇಕು. ನನಗೋಸ್ಕರ ಯಾರಾದರೂ ಒಂದು ಸುಳ್ಳು ಹೇಳಿ ಎಷ್ಟು ಕಾಲವಾಗಿತ್ತೋ. ತುಂಬ ಹಿಡಿಸಿತು.

ಕಾರಿನಲ್ಲೇ ಕುಳಿತು, ನೀನು ಕಿಟಕಿಯಿಂದ ಕೊಟ್ಟ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಉಂಡದ್ದನ್ನು ರೈಲಿನಲ್ಲಿ ಎಷ್ಟು ಸಲ ನೆನೆಸಿಕೊಂಡೆನೋ. ಇನ್ನೂ ಸ್ವಲ್ಪ ಹೊತ್ತು ಕೂರಬಹುದಿತ್ತು, ಅಷ್ಟರಲ್ಲಿ ಮಿರೆಲ್ಲಾ ಹುಡುಕಿಕೊಂಡು ಬಂದಳು, ಮೇಯರ್ ಕಾಯುತ್ತಿದ್ದಾರೆ ಎಂದು ಚೀಟಿ ತೋರಿಸಿದಳು.

ಒಂದು ಮಾತು ಕೇಳಬೇಕು, ಸಂಜೆಯೇ ರೈಲು ಇದ್ದದ್ದರಿಂದ ಎದುರಿಗೆ ಕೇಳಲಾಗಲಿಲ್ಲ. ನಾನು ಕಾರು ತಿರುಗಿಸುವಾಗ ನಿನ್ನ ತುಟಿ ಅಲ್ಲಾಡಿದ್ದು ಕನ್ನಡಿಯಲ್ಲಿ ಕಂಡಿತು. ಒಳಗೆ ಬಾ ಎಂದೆಯೋ, ಹೋಗಿ ಬಾ ಎಂದೆಯೋ? ಅವತ್ತಿನಿಂದ ಅದೇ ತಲೆಯಲ್ಲಿದೆ.

ಎರ್ಮೆಸ್


ತೊರ್ರೆ ಮಾಯ್ನಾ, ೯ ಜೂನ್ ೧೯೮೮

ಎರ್ಮೆಸ್,

ಗೇರಿನ ಸದ್ದಿಗೆ ಪಕ್ಕದ ಮನೆಯ ಕೋಳಿಗಳು ಇನ್ನೂ ಸರಿಯಾಗಿ ಮೊಟ್ಟೆ ಇಡುತ್ತಿಲ್ಲ. ಸಾಕೇ ನಿಜ?

ನಿನ್ನ ಸುಳ್ಳೇನು ಕಮ್ಮಿಯೇ? ನೀನೇ ಎಬ್ಬಿಸಿದ ಧೂಳು ಅಷ್ಟೂ ನನ್ನ ಹಲಗೆಯ ಮೇಲೆ ಬಿತ್ತು. ತೊಳೆಯಲು ಬರುವ ಪದಾರ್ಥವಲ್ಲ ಅದು. ಹಾಗೆಯೇ ಬೇಯಿಸಿದೆ, ಬೇರೆ ದಾರಿ ಇರಲಿಲ್ಲ. "ಇಂಥಾದ್ದು ನಾನ್ ತಿಂದೇ ಇಲ್ಲ" ಎಂದು ಎರಡನೇ ತಟ್ಟೆ ಕೇಳಿದೆ. ನಿನ್ನ ಹಲ್ಲಿನ ನಡುವೆ ಮರಳು ಕರಕರ ಎನ್ನುವುದು ಕಿಟಕಿಯ ಒಳಗೆ ನಿಂತ ನನಗೆ ಕೇಳುತ್ತಿತ್ತು. ನಿನಗೆ ಕೇಳದಿದ್ದರೂ ನಾಲಿಗೆ ಇತ್ತಲ್ಲ. ತಟ್ಟೆಯಲ್ಲಿ ಒಂದು ಎಳೆಯನ್ನೂ ಬಿಡಲಿಲ್ಲ ನೀನು. ನೀನು ಹೋದ ಮೇಲೆ ಆ ತಟ್ಟೆಯನ್ನು ಸಂಜೆಯ ತನಕ ತೊಳೆಯಲಿಲ್ಲ.

ಮಿಂಚುಹುಳುವಿನ ಫಲಕ ಹಾಕಿದ್ದಾರೆ. ವರ್ಷ, ಎಂಜಿನ್, ವೇಗ, ಸದ್ದು. ಮಿಕ್ಕದ್ದು ಜನಕ್ಕೆ ಬೇಕಿಲ್ಲ.

ಕೇಳಿದ್ದಕ್ಕೆ ಉತ್ತರ. ಒಳಗೆ ಬಾ ಎಂದೆ. ಎರಡು ಸಲ ಎಂದೆ, ಗಟ್ಟಿಯಾಗಿ, ಮಿರೆಲ್ಲಾ ಕೂಡ ತಿರುಗಿ ನೋಡಿದಳು. ನಿನ್ನ ಎಡಗಿವಿ ನನ್ನ ಕಡೆಗಿತ್ತು.

ಇನ್ನೊಮ್ಮೆ ಬರೆದೇ ಹೇಳುತ್ತೇನೆ, ತಪ್ಪು ತಿಳಿಯಲು ಜಾಗವಿಲ್ಲದ ಹಾಗೆ. ಕೋಣೆ ಖಾಲಿ ಮಾಡಿ ಬಾ. ಕಾರು ಬೇಡ, ಗೇರು ಬೇಡ, ಬಸ್ಸಿನಿಂದ ಇಳಿದು ನಡೆದು ಬಾ. ಇಷ್ಟು ವರ್ಷ ಇಬ್ಬರೂ ಕಿಟಕಿಯನ್ನೇ ನೋಡಿದೆವು. ಈ ಮನೆಗೆ ಬಾಗಿಲೂ ಇದೆ, ಎರ್ಮೆಸ್.

ಜೆಲಿಂದಾ